ಎರಡನೆಯ ಬ್ರೇಕು

ಡ್ರೈವಿಂಗ್ ಮೇಷ್ಟ್ರು ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತೆಂಟು ವರ್ಷಗಳಲ್ಲಿ ಎರಡು ಸಾವಿರದ ಮುನ್ನೂರ ಹನ್ನೊಂದು ಜನಕ್ಕೆ ಕಾರು ಕಲಿಸಿದ್ದೇನೆ ಎಂದು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಲೆಕ್ಕ ಸರಿಯೋ ತಪ್ಪೋ, ಕೂಡಿ ನೋಡಿದವರು ಯಾರು? ಆದರೆ ಹಲ್ಲಿನ ಡಾಕ್ಟರಿಂದ ಹಿಡಿದು ಹಾಲಿನ ವ್ಯಾನಿನವನ ತನಕ ಎದುರಿಗೆ ಸಿಕ್ಕವರೆಲ್ಲ ಅವರನ್ನು ಕಂಡ ಕೂಡಲೇ ಗಾಡಿ ನಿಧಾನ ಮಾಡುತ್ತಿದ್ದುದಂತೂ ನಿಜ. ಈಗ ಮೇಷ್ಟ್ರು ಕೆಲಸ ಬಿಟ್ಟು ಮನೆಯಲ್ಲಿದ್ದರು. ಕಲಿಸುವ ಕಾರು ಮಾತ್ರ ಮನೆಯ ಮುಂದೆ ಹಾಗೇ ನಿಂತಿತ್ತು. ಅದರಲ್ಲಿ ಕಲಿಯುವವನ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಿಗೆ ಇನ್ನೊಂದು.

ಮನೆಯಲ್ಲಿ ನಾಲ್ಕು ಜನ. ಮೇಷ್ಟ್ರು, ಲಿಫ್ಟು ರಿಪೇರಿ ಮಾಡುವ ಮಗ, ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡುವ ಸೊಸೆ, ಮೊಮ್ಮಗಳು ದುಂಬಿ. ಸದಾ ಏನನ್ನೋ ಗುಂಯ್‌ಗುಡುತ್ತಿದ್ದುದರಿಂದ ಆ ಹೆಸರು. ದುಂಬಿಗೆ ಈಗ ಹತ್ತೊಂಬತ್ತು. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದು ಅವಳು ಮೂರು ವರ್ಷದವಳಿದ್ದಾಗ. ಮಾತು ಕಮ್ಮಿ, ಕೇಳಿದರೆ ಒಂದೆರಡು ಪದ, ಕೇಳದಿದ್ದರೆ ಅದೂ ಇಲ್ಲ. ಕೆಲಸ ಮಾತ್ರ ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ತೊಂದರೆ ಇದ್ದದ್ದು ಆ ಹೇಳುವುದರಲ್ಲೇ. ಹಲ್ಲುಜ್ಜು ಎಂದರೆ ಉಜ್ಜುವಳು, ಸಾಕು ಎಂದರೆ ನಿಲ್ಲಿಸುವಳು. ಒಂದು ಸಲ ತಾಯಿ ‘ಉಜ್ಜು’ ಎಂದವಳು ಪಕ್ಕದ ಮನೆಯವರ ಮಾತಿಗೆ ಸಿಕ್ಕಿಕೊಂಡು ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ, ದುಂಬಿ ಬ್ರಷ್ಷು ಹಿಡಿದು ಇನ್ನೂ ಉಜ್ಜುತ್ತಲೇ ನಿಂತಿದ್ದಳು. ಸಾಕು ಎನ್ನುವವರು ಮನೆಯಲ್ಲಿರಲಿಲ್ಲವಲ್ಲ.

ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಹೇಳುವ ಕೆಲಸ ಮೇಷ್ಟ್ರದ್ದಾಗಿತ್ತು. ಏಳು, ಕೂರು, ತಟ್ಟೆ ತಗೋ, ಬ್ರೆಡ್ಡಿಗೆ ಬೆಣ್ಣೆ ಹಚ್ಚು, ಸಾಕು, ಬಾಯೊರೆಸು. ಮಗ ಮತ್ತು ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಕೇಳಿಸುತ್ತಿದ್ದುದು ಎರಡೇ ಸದ್ದು, ಮೊಮ್ಮಗಳ ಗುಂಯ್ ಮತ್ತು ತಾತನ ಹುಕುಂ. ಮೇಷ್ಟ್ರಿಗೆ ಅದರಲ್ಲಿ ದಣಿವೇ ಇರಲಿಲ್ಲ. ನಾನಿಲ್ಲದಿದ್ದರೆ ಈ ಮಗು ಒಂದು ಹೆಜ್ಜೆ ಇಡುವುದಿಲ್ಲ ಎಂದು ಅವರು ಬೇಸರದಿಂದ ಹೇಳಿದಂತೆ ಹೇಳುತ್ತಿದ್ದರು, ಆದರೆ ಹೇಳುವಾಗ ಮೀಸೆ ತಿರುವುತ್ತಿದ್ದರು.

ಒಂದು ಸಂಜೆ ಊಟಕ್ಕೆ ಕೂತಾಗ ಸೊಸೆ ಸುದ್ದಿ ತಂದಳು. ಬಟ್ಟೆ ಕೋಣೆಯಲ್ಲಿ ಮೂಲೆ ಮೇಜಿನ ಹೆಂಗಸು ವಯಸ್ಸಾಯಿತೆಂದು ಕೆಲಸ ಬಿಡುತ್ತಿದ್ದಾಳೆ. ಅವಳದು ಹಾಸಿಗೆ ಕಟ್ಟಿನ ಕೆಲಸ. ಒಗೆದು ಬಂದ ಬಟ್ಟೆಯಲ್ಲಿ ಹಾಸುವ ಚಾದರ ಒಂದು, ಹೊದೆಯುವ ಚಾದರ ಒಂದು, ದಿಂಬಿನ ಗವಸು ಎರಡು, ಟವೆಲು ಒಂದು, ರೋಗಿಯ ಅಂಗಿ ಒಂದು ಮಡಿಸಿ, ಒಂದರ ಮೇಲೊಂದು ಇಟ್ಟು, ಸುತ್ತಿ, ಪಟ್ಟಿಯಿಂದ ಕಟ್ಟಿ ಕಪಾಟಿಗೆ ಏರಿಸಬೇಕು. ದಿನವಿಡೀ ಅದೇ ಕೆಲಸ, ಅದೇ ಕ್ರಮ. ದುಂಬಿಗೆ ಹೇಳಿ ಮಾಡಿಸಿದಂಥದ್ದು. ಅವಳ ಶಾಲೆ ಹದಿನೆಂಟಕ್ಕೇ ಮುಗಿದು ಒಂದು ವರ್ಷವಾಗಿತ್ತು. ವರ್ಷವಿಡೀ ಅವಳು ಕಿಟಕಿಯ ಪಕ್ಕ ಕೂತದ್ದೇ ಬಂತು.

“ಆರು ವಾರ ಬಿಟ್ಟು ನೋಡ್ತಾರಂತೆ,” ಎಂದಳು ಸೊಸೆ. “ಮೂರು ಕಟ್ಟು ಕಟ್ಟಬೇಕು. ಒಬ್ಬಳೇ. ಹೇಳಿಕೊಡೋರು ಯಾರೂ ಪಕ್ಕದಲ್ಲಿರಬಾರದು. ಒಂದು ಸಲ ಹೇಳಬೇಕಾಗಿ ಬಂದ್ರೂ ಆಗಲ್ಲ ಅಂದಿದಾರೆ. ಇದು ಬಿಟ್ರೆ ಇನ್ನೊಂದು ಜಾಗ ಯಾವಾಗ ಖಾಲಿಯಾಗುತ್ತೋ. ಆ ಹೆಂಗಸು ಅಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದಳು.”

ಮಗ ಆಲೂಗಡ್ಡೆ ಕಲಸುತ್ತಿದ್ದ ಕೈ ನಿಲ್ಲಿಸಿ ಒಬ್ಬಳೇ ಆಗುತ್ತದೆಯೇ ಎಂದು ಕೇಳಿದ. ಮೇಷ್ಟ್ರಿಗೆ ಆ ಪ್ರಶ್ನೆಯೇ ಅವಮಾನವೆನಿಸಿತು.

“ಆರು ವಾರ ಯಾಕೆ, ನನಗೆ ನಾಲ್ಕು ವಾರ ಕೊಡಿ. ಸ್ಟೇರಿಂಗ್ ಕಂಡ್ರೆ ಕಣ್ಣೀರು ಹಾಕ್ತಿದ್ದೋರಿಗೆಲ್ಲ ಲೈಸೆನ್ಸು ಕೊಡಿಸಿದೀನಿ. ಬಟ್ಟೆ ಮಡಿಸೋದು ಯಾವ ದೊಡ್ಡ ವಿದ್ಯೆ?”

“ಮಡಿಸೋದು ಅವಳಿಗೆ ನಾಳೆನೇ ಬರುತ್ತೆ ಮಾವ,” ಎಂದಳು ಸೊಸೆ. “ನೀವು ಸುಮ್ಮನಿರೋದು ಯಾವಾಗ ಬರುತ್ತೆ ಅಂತ ನನ್ನ ಚಿಂತೆ.”

ಮೇಷ್ಟ್ರು ನೀರಿನ ಲೋಟ ಎತ್ತಿದರು. ನೀರು ಕುಡಿದು ಲೋಟ ಕೆಳಗಿಡುವಾಗ, ಅವರಿಗೇ ತಿಳಿಯದಂತೆ, “ಬಾಯೊರೆಸು ಮಗಾ” ಎಂದರು. ದುಂಬಿ ಬಾಯೊರೆಸಿಕೊಂಡಳು. ಸೊಸೆ ಗಂಡನ ಮುಖ ನೋಡಿದಳು.

ದುಂಬಿ ಓದಿದ ಶಾಲೆಯವರು ಒಬ್ಬ ತರಬೇತುಗಾರ್ತಿಯನ್ನು ಮಂಗಳವಾರ, ಶುಕ್ರವಾರ ಮನೆಗೆ ಕಳುಹಿಸುವುದಾಗಿ ಒಪ್ಪಿದರು. ಮೂವತ್ತು ದಾಟದ, ಚೀಲದ ತುಂಬ ಕಾಗದ ಹೊತ್ತ ಹುಡುಗಿ. ಮೊದಲ ದಿನ ಅವಳು ದುಂಬಿಗೆ ಏನನ್ನೂ ಕಲಿಸಲಿಲ್ಲ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಎರಡು ಗಂಟೆ ಒಂದು ಹಾಳೆಯ ಮೇಲೆ ಗೀಟು ಎಳೆದಳು. ಹೋಗುವಾಗ ಆ ಹಾಳೆಯನ್ನು ಮೇಷ್ಟ್ರ ಮುಂದಿಟ್ಟು, ಇವು ಎರಡು ಗಂಟೆಯಲ್ಲಿ ನೀವು ಮೊಮ್ಮಗಳಿಗೆ ಕೊಟ್ಟ ಸೂಚನೆಗಳು, ಒಟ್ಟು ನೂರಾ ಹದಿನಾಲ್ಕು ಎಂದಳು.

“ಹೇಳದೆ ಹೋದ್ರೆ ಅವಳು ಮಾಡಲ್ಲಮ್ಮ.”

“ಮಾಡ್ತಾಳೋ ಇಲ್ವೋ ನೋಡೋಕೆ ನೀವು ಬಿಟ್ಟೇ ಇಲ್ಲವಲ್ಲ ಸರ್.”

ಮೇಷ್ಟ್ರ ಮುಖ ಕೆಂಪಾಯಿತು. ಈ ಹುಡುಗಿಗೆ ಗಾಡಿ ರಿವರ್ಸ್ ತೆಗೆಯಲೂ ಬರುವುದಿಲ್ಲ ಎಂದು ಅವರು ಸಂಜೆ ಮಗನ ಹತ್ತಿರ ಸಿಡುಕಿದರು. ಆದರೆ ಶುಕ್ರವಾರ ಅವಳು ಬಂದು ಕೆಲಸದ ಬಗೆ ವಿವರಿಸಿದಾಗ ಅವರ ಕೋಪ ಇಳಿದುಹೋಯಿತು.

“ಇದಕ್ಕೆ ನಾವು ಪ್ರಾಂಪ್ಟ್ ಅಂತೀವಿ. ಆಸರೆ ಅಂತ ಇಟ್ಕೊಳ್ಳಿ,” ಎಂದಳು ಅವಳು. “ಮೊದಲು ಕೈ ಮೇಲೆ ಕೈ ಇಟ್ಟು ಮಾಡಿಸ್ತೀವಿ. ಆಮೇಲೆ ಮೊಣಕೈ ಮುಟ್ತೀವಿ, ಅಷ್ಟೇ. ಆಮೇಲೆ ಬರೀ ಬೆರಳು ತೋರಿಸ್ತೀವಿ. ಆಮೇಲೆ ಅದೂ ಇಲ್ಲ. ಆಸರೆ ಕೊಡೋದು ಸುಲಭ. ಅವಳಿಗೆ ಗೊತ್ತಾಗದ ಹಾಗೆ ವಾಪಸ್ ತಗೊಳ್ಳೋದ್ರಲ್ಲೇ ಇರೋದು ಕೆಲಸ ಎಲ್ಲ.”

“ಇದು ನಮ್ಮ ಎರಡನೇ ಬ್ರೇಕು ಕಣಮ್ಮ,” ಎಂದು ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಅವಳನ್ನು ಹೊರಗೆ ಕರೆದೊಯ್ದು, ಕಾರಿನಲ್ಲಿ ಕೂರಿಸಿ, ಅರ್ಧ ಗಂಟೆ ಪಾಠ ಮಾಡಿದರು. ಮೊದಲ ವಾರ ತಮ್ಮ ಕೈಯೂ ಸ್ಟೇರಿಂಗಿನ ಮೇಲೆ. ಎರಡನೆಯ ವಾರ ಬರೀ ಬೆರಳು. ಕೊನೆಯ ವಾರ ಕೈ ಕಟ್ಟಿ ಕೂತು ಕಿಟಕಿಯಾಚೆ ನೋಡುವುದು. “ನನ್ನ ಕಾಲು ಆ ಬ್ರೇಕಿನ ಮೇಲಿದೆ ಅಂತ ಕಲಿಯೋನಿಗೆ ಗೊತ್ತಾಯ್ತು ಅಂದ್ರೆ, ಅವನು ಜನ್ಮದಲ್ಲಿ ತಾನಾಗಿ ಬ್ರೇಕ್ ಹಾಕಲ್ಲ,” ಎಂದರು. ತರಬೇತಿಯ ಹುಡುಗಿ ಆ ಮಾತನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮೇಷ್ಟ್ರ ಎದೆ ಒಂದು ಗೇಣು ಉಬ್ಬಿತು. ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದ ಸೊಸೆ, ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಗಂಡನ ಕಿವಿಯಲ್ಲಿ ಹೇಳಿ ಪಾತ್ರೆ ತೊಳೆಯಲು ಹೋದಳು.

ಹುಡುಗಿ ಕಟ್ಟಳೆ ಹಾಕಿದಳು. ಮೇಜಿನ ಹತ್ತಿರ ಒಂದೇ ಒಂದು ಮಾತಾಡಕೂಡದು. ಬಾಯಿಂದ ಕೊಟ್ಟ ಆಸರೆಯನ್ನು ವಾಪಸು ಪಡೆಯುವುದು ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಕೈಯಿಂದ ಕಲಿಸಿ, ಕೈಯನ್ನೇ ಹಿಂದೆ ತೆಗೆಯಬೇಕು. ದುಂಬಿ ತಡೆದು ನಿಂತರೆ ಕೂಡಲೇ ನೆರವಿಗೆ ಹಾರಬಾರದು, ಮನಸ್ಸಿನಲ್ಲೇ ಐದು ಎಣಿಸಬೇಕು. ನೆರವು ಪಡೆದು ಮಾಡಿದರೆ ಒಂದು ಶಭಾಷ್. ತಾನೇ ಮಾಡಿದರೆ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಗಬೇಕು. ದುಂಬಿಗೆ ಇಷ್ಟವಾದದ್ದು ಏನು ಎಂದು ಯಾರೂ ಯೋಚಿಸಬೇಕಿರಲಿಲ್ಲ. ಕಾರಿನಲ್ಲಿ ಕೂತು ಇಂಡಿಕೇಟರ್ ಹಾಕಿ ಆ ಟಿಕ್ ಟಿಕ್ ಕೇಳುವುದು. ಬ್ಯಾಟರಿ ಇಳಿಯುತ್ತದೆ ಎಂದು ಮೇಷ್ಟ್ರು ಇಷ್ಟು ದಿನ ಅದಕ್ಕೆ ಬಿಟ್ಟಿರಲಿಲ್ಲ. ಈಗ ಮಗ ಹೊಸ ಬ್ಯಾಟರಿ ಹಾಕಿಸಿದ.

ಸೊಸೆ ಆಸ್ಪತ್ರೆಯಲ್ಲಿ ಕೇಳಿಕೊಂಡು ಮೂರು ಹಳೆಯ ಹಾಸಿಗೆ ಕಟ್ಟು ತಂದಳು. ಊಟದ ಮೇಜೇ ಮಡಿಸುವ ಮೇಜಾಯಿತು. ಊಟವನ್ನೆಲ್ಲ ನೆಲದ ಮೇಲೆ ಇಳಿಸಿದರು. ಮೇಷ್ಟ್ರ ಬಾಯಿ ಕಾಯಲು ಸೊಸೆ ಒಂದು ಡಬ್ಬಿ ಪೆಪ್ಪರ್‌ಮೆಂಟು ತಂದಿಟ್ಟಳು. ಮೇಜಿನ ಹತ್ತಿರ ಹೋಗುವ ಮುನ್ನ ಒಂದನ್ನು ಬಾಯಿಗೆ ಹಾಕಿಕೊಳ್ಳಬೇಕು, ಅದು ಕರಗುವ ತನಕ ಮಾತಿಲ್ಲ. ಮೊದಲ ವಾರದಲ್ಲಿ ಡಬ್ಬಿ ಅರ್ಧ ಖಾಲಿಯಾಯಿತು. ಮೇಷ್ಟ್ರು ದುಂಬಿಯ ಹಿಂದೆ ನಿಂತು, ಅವಳ ಕೈಗಳ ಮೇಲೆ ತಮ್ಮ ಕೈ ಇಟ್ಟು ಚಾದರದ ತುದಿಗೆ ತುದಿ ಸೇರಿಸಿದರು. ಎರಡನೆಯ ವಾರ ಅವರ ಕೈ ಅವಳ ಮಣಿಕಟ್ಟಿಗೆ ಇಳಿಯಿತು, ಅಲ್ಲಿಂದ ಮೊಣಕೈಗೆ. ಅಂಗಿಯ ತೋಳುಗಳನ್ನು ಒಳಕ್ಕೆ ಮಡಿಸುವಾಗ ಮಾತ್ರ ಅವಳು ತಡವರಿಸುತ್ತಿದ್ದಳು. ಮೇಷ್ಟ್ರು ಒಂದು, ಎರಡು, ಮೂರು ಎಂದು ಎಣಿಸುತ್ತ ಪೆಪ್ಪರ್‌ಮೆಂಟನ್ನು ಕಟುಂ ಎಂದು ಕಡಿಯುತ್ತಿದ್ದರು.

ಮೂರನೆಯ ವಾರ ಅವರು ಅವಳ ಹಿಂದಿನಿಂದ ಸರಿದು ಎದುರಿಗೆ ಕುರ್ಚಿ ಹಾಕಿಕೊಂಡರು. ಕೈ ಕಟ್ಟಿದರು, ಬಾಯಿ ಮುಚ್ಚಿದರು. ಶುಕ್ರವಾರ ಸಂಜೆ ಎಲ್ಲರೂ ನೋಡುತ್ತಿರುವಾಗ ದುಂಬಿ ಗುಂಯ್‌ಗುಡುತ್ತ ಕಟ್ಟನ್ನು ಮೊದಲಿಂದ ಕೊನೆಯ ತನಕ ಒಬ್ಬಳೇ ಕಟ್ಟಿದಳು. ಯಾರೂ ಮುಟ್ಟಲಿಲ್ಲ, ಯಾರೂ ಹೇಳಲಿಲ್ಲ. ಪಟ್ಟಿಯ ಗಂಟು ಬಿಗಿದು ಅವಳು ಕೈ ಬಿಟ್ಟಾಗ ಮಗ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಮೇಷ್ಟ್ರು ಆ ಸಂಜೆ ಬೀದಿಯ ಮೂರು ಮನೆಗಳಿಗೆ ಹೋಗಿ ಬಂದರು. ನಾಲ್ಕು ವಾರ ಅಂದಿದ್ದೆ, ಮೂರೇ ವಾರಕ್ಕೆ ಮುಗಿಸಿದೆ ಎಂಬುದು ಮೂರು ಮನೆಗಳಿಗೂ ತಿಳಿಯಿತು.

ಸೋಮವಾರ ಅವರ ಹಲ್ಲು ನೋಯತೊಡಗಿತು. ಪೆಪ್ಪರ್‌ಮೆಂಟಿನ ಪ್ರಸಾದ. ಸೊಸೆಗೆ ಅಂದು ರಜೆ. ಅವರು ಹಲ್ಲಿನ ಡಾಕ್ಟರ ಬಳಿಗೆ ಹೋದ ಹೊತ್ತಿನಲ್ಲಿ ಅವಳು ಮಗಳ ಮುಂದೆ ಬಟ್ಟೆ ಇಟ್ಟು, ತಾನು ಒಲೆಯ ಹತ್ತಿರ ನಿಂತಳು. ದುಂಬಿ ಮೊದಲ ಚಾದರ ಮಡಿಸಿದಳು. ಆಮೇಲೆ ನಿಂತಳು. ಗುಂಯ್ ನಿಂತಿತು. ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಇಪ್ಪತ್ತು ನಿಮಿಷ ನಿಂತೇ ಇದ್ದಳು. ಮೇಷ್ಟ್ರು ಊದಿದ ದವಡೆ ಹಿಡಿದು ಒಳಗೆ ಬಂದಾಗ ಸೊಸೆ ತಣ್ಣಗಾದ ಚಹಾದ ಮುಂದೆ ಕೂತಿದ್ದಳು.

“ನೀನು ಏನೋ ಗದರಿಸಿರಬೇಕು,” ಎಂದರು ಮೇಷ್ಟ್ರು.

“ನಾನು ಬಾಯೇ ಬಿಟ್ಟಿಲ್ಲ.”

“ಹಾಗಾದ್ರೆ ಬಟ್ಟೆ ಬೇರೆ ಕಡೆ ಇಟ್ಟಿರಬೇಕು. ನಾನಿದ್ದಾಗ ಹೂವು ಎತ್ತಿದ ಹಾಗೆ ಮಾಡ್ತಾಳೆ.”

“ಅದೇ ಮಾವ. ನೀವಿದ್ದಾಗ. ಅಲ್ಲಿ ನೀವಿರಲ್ಲ.”

ಮಾತಿಗೆ ಮಾತು ಬೆಳೆಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಮೇಷ್ಟ್ರದ್ದು. ತಾನು ಕಲಿಸಿದ್ದರಲ್ಲಿ ತಪ್ಪಿದೆಯೆಂದು ಒಪ್ಪುವವರಲ್ಲ. ಸೊಸೆಯೂ ಆ ದಿನ ಬಿಡಲಿಲ್ಲ. ಇನ್ನು ಮೂರು ವಾರ ಮಾತ್ರ ಇದೆ, ನಿಮ್ಮ ಹೆಮ್ಮೆಗೆ ನನ್ನ ಮಗಳ ಜಾಗ ಹೋಗಬಾರದು ಎಂದಳು. ಮೇಷ್ಟ್ರು ಊಟ ಬೇಡವೆಂದರು. ಹಲ್ಲು ನೋಯುತ್ತಿದ್ದುದರಿಂದ ಆ ಉಪವಾಸಕ್ಕೆ ಯಾರೂ ಬೆಲೆ ಕೊಡಲಿಲ್ಲ.

ಮಗ ಜಗಳ ಕಾಯುವವನಲ್ಲ, ಯಂತ್ರ ಬಿಚ್ಚಿ ನೋಡುವವನು. ಮಾರನೆಯ ಸಂಜೆ ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ಮಗಳಿಗೆ ಬಟ್ಟೆ ಕೊಟ್ಟು, ಫೋನನ್ನು ಕಪಾಟಿನ ಮೇಲಿಟ್ಟು ಎಲ್ಲವನ್ನೂ ಚಿತ್ರ ಹಿಡಿದ. ದುಂಬಿ ಒಂದೂ ತಪ್ಪಿಲ್ಲದೆ ಕಟ್ಟಿದಳು. ಶುಕ್ರವಾರ ತರಬೇತಿಯ ಹುಡುಗಿ ಅದನ್ನು ಎರಡು ಸಲ ನೋಡಿದಳು. ಮೂರನೆಯ ಸಲ ಮೇಷ್ಟ್ರ ಕೈಗೆ ಫೋನು ಕೊಟ್ಟಳು.

“ಅವಳ ಕೈ ನೋಡಬೇಡಿ ಸರ್. ಅವಳ ಕಣ್ಣು ಎಲ್ಲಿ ಹೋಗುತ್ತೆ ನೋಡಿ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು. ಚಾದರ ಮಡಿಸಿದ ದುಂಬಿಯ ಕಣ್ಣು ಮೇಜಿನ ಕೆಳಕ್ಕೆ ಹೋಯಿತು. ಅಲ್ಲಿ ಮೇಷ್ಟ್ರ ಬಲಗಾಲಿತ್ತು. ಮಡಿಕೆ ಓರೆಯಾದರೆ ಆ ಕಾಲು ನೆಲವನ್ನು ಒತ್ತುತ್ತಿತ್ತು, ಚಪ್ಪಲಿ ಚಪ್ಪಟೆಯಾಗುವಷ್ಟು. ದುಂಬಿ ನಿಂತು ಸರಿಮಾಡುತ್ತಿದ್ದಳು. ಸರಿಯಾದ ಕೂಡಲೇ ಕಾಲು ಮೇಲೇಳುತ್ತಿತ್ತು. ದುಂಬಿ ಮುಂದಿನ ಬಟ್ಟೆಗೆ ಕೈ ಹಾಕುತ್ತಿದ್ದಳು. ಒತ್ತಿದರೆ ನಿಲ್ಲು, ಬಿಟ್ಟರೆ ಹೋಗು. ಮೂವತ್ತೆಂಟು ವರ್ಷ ಎರಡನೆಯ ಬ್ರೇಕಿನ ಮೇಲಿದ್ದ ಕಾಲು ಊಟದ ಮೇಜಿನ ಕೆಳಗೂ ತನ್ನ ಕೆಲಸ ಬಿಟ್ಟಿರಲಿಲ್ಲ.

“ಅವಳು ಬಟ್ಟೆ ಮಡಿಸ್ತಿಲ್ಲ ಮಾವ,” ಎಂದಳು ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಕಾಲು ಓದ್ತಿದಾಳೆ.”

ಮೇಷ್ಟ್ರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮೊಮ್ಮಗಳ ಕೆಲಸ ಕಸಿಯುವವನು ನಾನೇ ಆಗಿಬಿಟ್ಟೆನಲ್ಲ ಎನಿಸಿತು. ಆ ನಾಚಿಕೆಯ ನಡುವೆಯೂ ಒಂದು ಮೂಲೆಯಲ್ಲಿ ಹೆಮ್ಮೆ ಇಣುಕಿತು: ಎರಡು ಸಾವಿರ ಚಿಲ್ಲರೆ ಜನರಲ್ಲಿ ಒಬ್ಬರೂ ಹಿಡಿಯದಿದ್ದುದನ್ನು ದುಂಬಿ ಹಿಡಿದಿದ್ದಾಳೆ. ಇವಳಿಗೆ ಏನೂ ತಿಳಿಯುವುದಿಲ್ಲ ಎಂದವರ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡರು.

“ನಾಳೆಯಿಂದ ಆ ಹೊತ್ತಿಗೆ ನಾನು ಮನೇಲೇ ಇರಲ್ಲ,” ಎಂದರು ಕೊನೆಗೆ.

ಹುಡುಗಿ ತಲೆಯಾಡಿಸಿದಳು. “ಹಾಗೆ ಮಾಡಿದ್ರೆ ಅವಳು ಸೋಲೋದನ್ನ ಕಲೀತಾಳೆ ಸರ್. ನಡುರಸ್ತೆಯಲ್ಲಿ ಕಾರಿಂದ ಇಳಿದು ಹೋಗಿಬಿಡ್ತಿದ್ರಾ ನೀವು? ಕೈನ ಹೇಗೆ ಮೆಲ್ಲಗೆ ತೆಗೆದ್ರೋ, ಕಾಲನ್ನೂ ಹಾಗೇ ತೆಗೀರಿ.”

ಹಾಗೆ ಮೇಷ್ಟ್ರ ಬಲಗಾಲನ್ನು ಮನೆಯಿಂದ ಹೊರಗೆ ಸಾಗಿಸುವ ಕೆಲಸ ಶುರುವಾಯಿತು. ಮೊದಲ ಎರಡು ದಿನ ಕಾಲ ಮೇಲೆ ಕಂಬಳಿ. ಕಂಬಳಿಯಡಿ ಕಾಲು ಒತ್ತುವುದು ಇನ್ನೂ ತುಸು ಕಾಣುತ್ತಿತ್ತು. ದುಂಬಿ ತಡವರಿಸಿದಳು, ಆದರೆ ಮುಗಿಸಿದಳು. ಮೂರನೆಯ ದಿನ ಕಾಲನ್ನು ಕುರ್ಚಿಯ ಮೇಲೆಯೇ ಮಡಚಿ ಕೂತರು. ಮಂಡಿ ನೋವಿಗೆ ಸೊಸೆ ಬಿಸಿನೀರಿನ ಚೀಲ ಕೊಟ್ಟಳು. ಆಮೇಲೆ ಕುರ್ಚಿ ದಿನಕ್ಕೊಂದು ಗಜ ಹಿಂದೆ ಸರಿಯಿತು. ಮೇಜಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ನಡುಮನೆಗೆ. ಬಾಗಿಲಿನ ಹತ್ತಿರ ಮೂರು ದಿನ ಅಲ್ಲೇ ನಿಂತಿತು; ದುಂಬಿ ಎರಡು ಸಲ ಬಟ್ಟೆ ಬಿಟ್ಟು ಬಂದು ಕುರ್ಚಿಯ ಪಕ್ಕ ನಿಂತಳು. ಸೊಸೆ ಮಾತಿಲ್ಲದೆ ಅವಳನ್ನು ಮೇಜಿನ ತನಕ ನಡೆಸಿ, ಮೊಣಕೈ ಮುಟ್ಟಿ, ಮತ್ತೆ ಹಿಂದೆ ಬಂದಳು. ಮನೆಯಲ್ಲಿ ಈಗ ಮಾವ ಸೊಸೆಯರು ಜಗಳವಾಡುತ್ತಿರಲಿಲ್ಲ. ಬೆಳಗಿನ ಚಹಾಕ್ಕೆ ಕೂತಾಗ ಇವತ್ತು ಕುರ್ಚಿ ಎಲ್ಲಿ ಎಂಬುದೇ ಅವರ ಮಾತು.

ಐದನೆಯ ವಾರದ ಕೊನೆಗೆ ಕುರ್ಚಿಯ ಕೆಲಸ ಮುಗಿದು ಮೇಷ್ಟ್ರು ಹೊರಗಿನ ಕಾರಿಗೆ ಹೋದರು. ಬಾಗಿಲು ಹಾಕಿತ್ತು. ಅವರು ತಮ್ಮ ಹಳೆಯ ಜಾಗದಲ್ಲಿ, ಕಲಿಯುವವನ ಪಕ್ಕದ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಕಲಿಯುವವನಿರಲಿಲ್ಲ, ಕಾರು ಓಡುತ್ತಿರಲಿಲ್ಲ, ಆದರೂ ಕಾಲು ಎರಡನೆಯ ಬ್ರೇಕನ್ನು ತಳದವರೆಗೆ ಒತ್ತಿ ಹಿಡಿದಿತ್ತು. ಇಲ್ಲಿ ಎಷ್ಟು ಬೇಕಾದರೂ ಒತ್ತು, ಯಾರಿಗೂ ಕಾಣಲ್ಲ ಎಂದು ಮೇಷ್ಟ್ರು ಅದಕ್ಕೆ ಹೇಳಿದರು. ಹತ್ತು ನಿಮಿಷವಾಯಿತು. ಹದಿನೈದಾಯಿತು. ಎದ್ದು ಹೋಗಿ ಕಿಟಕಿಯಲ್ಲಿ ಇಣುಕುವ ಆಸೆಯನ್ನು ಅವರು ಮೂರು ಸಲ ನುಂಗಿದರು. ಕೊನೆಗೆ ಬಾಗಿಲು ತೆರೆಯಿತು. ದುಂಬಿ ಓಡಿ ಬಂದು ಕಾರು ಹತ್ತಿ ಇಂಡಿಕೇಟರ್ ಹಾಕಿದಳು. ಸೊಸೆ ಬಾಗಿಲಲ್ಲಿ ನಿಂತು ಮೂರು ಬೆರಳು ಎತ್ತಿ ತೋರಿಸಿದಳು. ಮೂರು ಕಟ್ಟು, ಒಬ್ಬಳೇ. ಮೇಷ್ಟ್ರು ಆ ಸಂಜೆ ಯಾರ ಮನೆಗೂ ಹೋಗಲಿಲ್ಲ. ಟಿಕ್ ಟಿಕ್ ಕೇಳುತ್ತ ಮೊಮ್ಮಗಳ ಪಕ್ಕದಲ್ಲೇ ಕೂತಿದ್ದರು.

ಪರೀಕ್ಷೆಯ ದಿನ ಸೊಸೆ ತಾನೇ ಹೇಳಿಕೊಂಡು ಮೇಲಿನ ಮಹಡಿಯ ಕೆಲಸ ಹಾಕಿಸಿಕೊಂಡಳು, ತನ್ನ ಮುಖವೂ ಮಗಳಿಗೆ ಆಸರೆಯಾಗಬಾರದು ಎಂದು. ಮಗನಿಗೆ ಅಂದೇ ಎಲ್ಲೋ ಒಂದು ಲಿಫ್ಟು ಕೆಟ್ಟಿತು. ಮೇಷ್ಟ್ರು ಮತ್ತು ತರಬೇತಿಯ ಹುಡುಗಿ ದುಂಬಿಯನ್ನು ಕರೆದೊಯ್ದರು. ಬಟ್ಟೆ ಕೋಣೆ ನೆಲಮಾಳಿಗೆಯಲ್ಲಿ. ಸೋಪಿನ ವಾಸನೆ, ಬಿಸಿ ಗಾಳಿ, ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರಗಳ ಗುಡುಗುಡು. ದುಂಬಿಗೆ ಆ ಸದ್ದು ಹಿಡಿಸಿರಬೇಕು. ಅದರ ಶ್ರುತಿಗೆ ಸರಿಯಾಗಿ ಗುಂಯ್‌ಗುಟ್ಟುತ್ತ ಒಳಗೆ ಹೋದಳು. ಮನೆಯವರು ಹೊರಗೇ ಇರಬೇಕು ಎಂದಳು ಮೇಲ್ವಿಚಾರಕಿ, ಬಿಳಿ ಕೂದಲಿನ, ನಗದ ಹೆಂಗಸು.

ಬಾಗಿಲಿಗೆ ತಟ್ಟೆಯಗಲದ ಒಂದು ಗಾಜಿತ್ತು. ಮೇಷ್ಟ್ರು ಅದಕ್ಕೆ ಮೂಗು ಹಚ್ಚಿ ನಿಂತರು. ಒಳಗೆ ತರಬೇತಿಯ ಹುಡುಗಿ ದೂರದ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಮೇಲ್ವಿಚಾರಕಿ ಕಾಗದ ಹಿಡಿದು ಮೇಜಿನ ತುದಿಯಲ್ಲಿದ್ದಳು. ದುಂಬಿ ಮೊದಲ ಕಟ್ಟು ಮುಗಿಸಿದಳು, ಅಂಗಿಯ ತೋಳುಗಳೂ ಒಳಗೆ ಹೋದವು. ಎರಡನೆಯದನ್ನು ಇನ್ನೂ ಬೇಗ ಮುಗಿಸಿದಳು. ಮೇಷ್ಟ್ರ ಉಸಿರಿಗೆ ಗಾಜು ಮಂಜಾಗುತ್ತಿತ್ತು. ತೋಳಿನಿಂದ ಒರೆಸಿ ಒರೆಸಿ ನೋಡಿದರು.

ಮೂರನೆಯ ಕಟ್ಟು. ಚಾದರ, ಚಾದರ, ಒಂದು ಗವಸು. ಎರಡನೆಯ ಗವಸಿಗೆ ದುಂಬಿ ಕೈ ಚಾಚಿದಳು. ಅಲ್ಲಿ ಗವಸು ಇರಲಿಲ್ಲ.

ಗುಂಯ್ ನಿಂತದ್ದು ಬಾಗಿಲಿನಾಚೆಗೂ ತಿಳಿಯಿತು. ದುಂಬಿ ಖಾಲಿ ಜಾಗವನ್ನು ನೋಡಿದಳು. ಮೇಜಿನ ಕೆಳಗೆ ನೋಡಿದಳು. ಮನೆಯಲ್ಲಿ ಒಂದು ದಿನವೂ ಬಟ್ಟೆ ಕಡಿಮೆ ಬಿದ್ದಿರಲಿಲ್ಲ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ತಲೆಯೆತ್ತಿ ಕೋಣೆಯನ್ನು ಸುತ್ತ ನೋಡತೊಡಗಿದಳು. ಏನನ್ನು ಹುಡುಕುತ್ತಿದ್ದಾಳೆಂದು ಆ ಕ್ಷಣ ಕಂಡು ತಿಳಿದವರು ಒಬ್ಬರೇ, ಅವರು ಗಾಜಿನ ಹಿಂದೆ ನಿಂತಿದ್ದರು. ಅವಳ ಮುಖ ಮೆಲ್ಲನೆ ಬಾಗಿಲ ಕಡೆ ತಿರುಗುತ್ತಿತ್ತು. ಒಂದು ಹುಬ್ಬು ಎತ್ತಿದರೆ ಸಾಕು, ಮೇಲ್ವಿಚಾರಕಿಯ ಕಡೆ ಒಂದು ಸಲ ಕಣ್ಣು ಹೊರಳಿಸಿದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಜಾಗ ಸಿಕ್ಕಿಬಿಡುತ್ತದೆ.

ಮೇಷ್ಟ್ರು ಗಾಜನ್ನು ಬಿಟ್ಟು ಹಿಂದೆ ಸರಿದರು. ಎದುರು ಗೋಡೆಯ ಬೆಂಚಿನ ಮೇಲೆ ಹೋಗಿ ಕೂತು, ಎರಡೂ ಕಾಲುಗಳನ್ನು ನೆಲದಿಂದ ಎತ್ತಿ ಬೆಂಚಿನ ಮೇಲೆ ಮಡಚಿಕೊಂಡರು. ದಾರಿಯಲ್ಲಿ ಹೋಗುತ್ತಿದ್ದ ನರ್ಸು, ಅಜ್ಜಾ ಹುಷಾರಿಲ್ವಾ ಎಂದು ಕೇಳಿದಳು. ಇಲ್ಲ, ಚೆನ್ನಾಗಿದೀನಿ ಎಂದರು. ಚೆನ್ನಾಗಿರಲಿಲ್ಲ. ಅಷ್ಟು ವರ್ಷ ಕಲಿಸಿದವರಿಗೆ ಅಷ್ಟು ಕಷ್ಟದ ಕೆಲಸ ಒಂದೂ ಬಂದಿರಲಿಲ್ಲ. ಅವರು ಐದು ಎಣಿಸಿದರು. ಮತ್ತೆ ಐದು. ಆಮೇಲೆ ಲೆಕ್ಕ ತಪ್ಪಿತು.

ಬಾಗಿಲು ತೆರೆದು ಮೇಲ್ವಿಚಾರಕಿ ಹೊರಗೆ ಬಂದಳು, ಹಿಂದೆ ದುಂಬಿ, ಅವಳ ಹಿಂದೆ ತರಬೇತಿಯ ಹುಡುಗಿ. ಹುಡುಗಿಯ ಕಣ್ಣು ಒದ್ದೆಯಾಗಿತ್ತು. ಅದು ಯಾವ ಒದ್ದೆಯೆಂದು ಮೇಷ್ಟ್ರಿಗೆ ತಿಳಿಯಲಿಲ್ಲ.

“ಬೇಕಂತಲೇ ಒಂದು ಗವಸು ತೆಗೆದಿಟ್ಟಿದ್ದೆ,” ಎಂದಳು ಮೇಲ್ವಿಚಾರಕಿ. “ಎಲ್ಲರಿಗೂ ಹಾಗೇ ಮಾಡ್ತೀನಿ. ಅರ್ಧಕ್ಕರ್ಧ ಜನ ಒಂದು ಗವಸಿಲ್ಲದೇ ಕಟ್ಟು ಕಟ್ಟಿ ಕೈ ತೊಳ್ಕೊತಾರೆ. ಇವಳು ಬಟ್ಟೆ ಬಿಟ್ಟು ನನ್ನ ಹತ್ರ ಬಂದಳು. ಬಂದು, ‘ಒಂದು ಕಮ್ಮಿ ಇದೆ’ ಅಂದಳು.”

“ಯಾರಂದ್ರು?” ಎನ್ನುತ್ತ ಮೇಷ್ಟ್ರು ಬೆಂಚಿನಿಂದ ಎದ್ದರು.

“ನಿಮ್ಮ ಮೊಮ್ಮಗಳು.”

“ಅವಳೇ? ನೀವು ಕೇಳದೆ?”

“ನಾನ್ಯಾಕೆ ಕೇಳಲಿ? ನನ್ನ ಗವಸು ಎಲ್ಲಿದೆ ಅಂತ ನನಗೆ ಗೊತ್ತಿತ್ತು.”

ಮೇಷ್ಟ್ರು ಅದನ್ನು ಆಕೆಯಿಂದ ಇನ್ನೂ ಎರಡು ಸಲ ಹೇಳಿಸಿದರು. ಹತ್ತೊಂಬತ್ತು ವರ್ಷದಲ್ಲಿ ದುಂಬಿ ತಾನಾಗಿ ಒಬ್ಬರ ಬಳಿಗೆ ನಡೆದುಹೋಗಿ, ತಾನಾಗಿ ಬಾಯಿಬಿಟ್ಟು ಇಲ್ಲದ್ದನ್ನು ಕೇಳಿದ್ದು ಇದೇ ಮೊದಲು. ಅವರು ಅದನ್ನು ಕಣ್ಣಾರೆ ನೋಡಿರಲಿಲ್ಲ, ಕಿವಿಯಾರೆ ಕೇಳಿರಲಿಲ್ಲ. ನೋಡದೆ ಕೂತದ್ದರಿಂದಲೇ ಅದು ನಡೆಯಿತೆಂದು ಗೊತ್ತಾಗಿ, ಎರಡು ಸಾವಿರದ ಮುನ್ನೂರ ಹನ್ನೊಂದು ಲೈಸೆನ್ಸುಗಳನ್ನು ಒಟ್ಟು ಹಾಕಿದರೂ ಆಗದಷ್ಟು ಹೆಮ್ಮೆ ಅವರಿಗಾಯಿತು. ಮೇಲ್ವಿಚಾರಕಿ ಯಾವತ್ತಿನಿಂದ ಕೆಲಸಕ್ಕೆ ಬರಬೇಕೆಂಬುದನ್ನು ದುಂಬಿಗೇ ಹೇಳಿ ಒಳಗೆ ಹೋದಳು.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಧಡಧಡ ಸದ್ದಾಯಿತು. ಸೊಸೆ ಕೈಯಲ್ಲಿ ಬಟ್ಟೆಯ ಬುಟ್ಟಿ ಹಿಡಿದುಕೊಂಡೇ ಓಡಿ ಬಂದಿದ್ದಳು. ಏದುಸಿರು ಬಿಡುತ್ತ, ಏನಾಯ್ತು ಎಂದು ಮೇಷ್ಟ್ರ ಮುಖ ನೋಡಿದಳು. ದುಂಬಿಯ ವಿಷಯ ಯಾರೇ ಕೇಳಲಿ, ನೋಡುವುದು ಮೇಷ್ಟ್ರ ಮುಖವನ್ನೇ.

ಮೇಷ್ಟ್ರು ಬಾಯಿ ತೆರೆದರು. ತೆರೆದ ಬಾಯನ್ನು ಮುಚ್ಚಿದರು. ದುಂಬಿಯ ಕಡೆ ತಿರುಗಿ ನೋಡಿದರೆ ಅದೂ ಒಂದು ಆಸರೆ. ಅದಕ್ಕೇ ಅವರು ಎದುರಿನ ಗೋಡೆಯ ಮೇಲೆ ತೂಗುಹಾಕಿದ್ದ ‘ನಿಶ್ಶಬ್ದ’ ಎಂಬ ಫಲಕವನ್ನು ನೋಡುತ್ತ ನಿಂತರು. ತರಬೇತಿಯ ಹುಡುಗಿಯೂ ಮಾತಾಡಲಿಲ್ಲ. ಸೊಸೆಗೆ ಅರ್ಥವಾಯಿತು. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಅವಳೂ ಕಾದಳು. ಯಂತ್ರಗಳು ಗುಡುಗುಡು ಎನ್ನುತ್ತಿದ್ದವು.

“ಸೋಮವಾರ,” ಎಂದಳು ದುಂಬಿ. ಸ್ವಲ್ಪ ತಡೆದು, “ನನಗೆ ಕೆಲಸ,” ಎಂದಳು.

ಸೊಸೆ ಮೆಟ್ಟಿಲಿನ ಮೇಲೆ ಕುಸಿದು ಕೂತಳು. ಬುಟ್ಟಿ ಉರುಳಿ ಒಗೆದ ಟವೆಲುಗಳೆಲ್ಲ ನೆಲದ ಪಾಲಾದವು. ಅಳುತ್ತ, ನಗುತ್ತ, ಮಗಳ ಕೈಹಿಡಿದು ಮಾವನ ಕಡೆ ನೋಡಿದಳು.

“ಮಾವ, ಈಗ್ಲಾದ್ರೂ ಏನಾದ್ರೂ ಹೇಳಿ.”

ಮೇಷ್ಟ್ರು ಹೇಳಲು ಹೊರಟರು. ಮಾತಿನ ಬದಲು ಕೈ ನೆಲದ ಟವೆಲಿನ ಕಡೆ ಹೋಯಿತು. ಅವರು ಕೂತು ಟವೆಲುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಹೆಕ್ಕಿಕೊಟ್ಟದ್ದನ್ನೆಲ್ಲ ದುಂಬಿ ಮಡಿಸಿ ಬುಟ್ಟಿಗೆ ಹಾಕಿದಳು.